ಅರವಟ್ಟಿಗೆಯ ಬುಡದ ತಂತಿ

ಇಪ್ಪತ್ತೇಳನೆಯ ಸಲ ಹಿಡಿಕೆ ತಿರುವಿದೆ. ಕೊಳವೆಯನ್ನು ಕಿವಿಗೆ ಒತ್ತಿಕೊಂಡೆ. ಒಳಗೆ ಏನೂ ಇಲ್ಲ. ಗರ್ರೆನ್ನುವುದೂ ಇಲ್ಲ, ಕರಕರವೂ ಇಲ್ಲ.

"ಸಾವಕಾಶ ತಿರುವೋ ಅಂಬಣ್ಣ. ಅದೇನು ಬಾವಿ ರಾಟಿ ಅಲ್ಲ," ಎಂದಳು ಹಿಂದಿನಿಂದ ಮಲ್ಲಿಕಮ್ಮತ್ತೆ.

"ಸಾವಕಾಶ ತಿರುವಿದ್ದೂ ಆತು, ಜೋರು ತಿರುವಿದ್ದೂ ಆತು, ಅತ್ತಿ. ಇದು ಕೆಟ್ಟದ."

"ಕೆಟ್ಟಿಲ್ಲ. ಮಾತಾಡಾಕ ಒಲ್ಲದು, ಅಷ್ಟ."

ಎಪ್ಪತ್ತೆರಡು ವರ್ಷದ ನನ್ನ ಸೋದರತ್ತೆಗೆ ಈ ಎರಡರ ನಡುವೆ ಬಹಳ ವ್ಯತ್ಯಾಸವಿದೆ. ನನಗೆ ಇಲ್ಲ. ಸುರಪುರದಲ್ಲಿ ವಕೀಲರ ಮುನ್ಶಿಯಾಗಿ ಮೂವತ್ತು ವರ್ಷ ಕಾಗದ ಬರೆದವನು ನಾನು. ಸುಳ್ಳು ಸಾಕ್ಷಿಯನ್ನು ಗುರುತಿಸು ಎಂದರೆ ಗುರುತಿಸುತ್ತೇನೆ. ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಕಟ್ಟಿಗೆಯ ಪೆಟ್ಟಿಗೆ ಯಾಕೆ ಮಾತಾಡುವುದಿಲ್ಲ ಎಂದರೆ ನನಗೇನು ಗೊತ್ತು? ಆದರೂ ಯಾದಗಿರಿಗೆ ಬಂದು ಎರಡು ದಿನದಿಂದ ಅದರ ಮುಂದೆಯೇ ನಿಂತಿದ್ದೇನೆ.

ನಿಲ್ಲದೆ ಗತಿಯಿರಲಿಲ್ಲ. ಅತ್ತೆಯ ಗಿರಣಿಯ ಹತ್ತಿ ಗೋದಾಮಿಗೆ ಬೆಂಕಿ ಬಿದ್ದು, ಹೊರಗಿನಿಂದ ಚಿಲಕ ಹಾಕಿದ್ದ ಬಾಗಿಲ ಹಿಂದೆ ಕಾವಲುಗಾರ ಖಾಜಾಮಿಯಾ ಸುಟ್ಟು ಸತ್ತು ಅಂದಿಗೆ ಐದು ದಿನ. ಚಿಲಕ ಹಾಕಿದವನೆಂದು ಗೋದಾಮಿನ ಕಾರಕೂನ ಮಾನಪ್ಪನನ್ನು ಠಾಣೆಯಲ್ಲಿ ಕೂರಿಸಿದ್ದರು. ಮರುದಿನ ಮುಂಜಾನೆಯ ಗಾಡಿಗೆ ಅವನು ಗುಲ್ಬರ್ಗಕ್ಕೆ. ಅಲ್ಲಿಗೆ ಹೋದರೆ ಅವನ ಕೊರಳು ಉಳಿಯುವುದು ಕಷ್ಟ.

ಅವನ ಪರವಾಗಿ ಇದ್ದದ್ದು ಒಂದೇ ಒಂದು ಮಾತು. ಅದು ಅತ್ತೆಯ ಮಾತು.

ನಾಲ್ಕು ಗಂಟೆಗೆ ಹತ್ತು ನಿಮಿಷ ಇದ್ದಾಗ ಖಾಜಾಮಿಯಾ ಗೋದಾಮಿನ ಮುಂದೆ ಚಹಾ ಕುಡಿಯುತ್ತಿದ್ದುದನ್ನು ನೋಡಿದವರಿದ್ದಾರೆ. ಗಿರಣಿಯ ನಾಲ್ಕರ ಭೋಂಗಾ ಕೂಗಿದಾಗ ಗೋದಾಮಿನಿಂದ ಹೊಗೆ ಎದ್ದಿತ್ತು. ಆ ಹತ್ತು ನಿಮಿಷ ಮಾನಪ್ಪ ಎಲ್ಲಿದ್ದ? ಗೋದಾಮಿಗೆ ದೂರದ ಗಿರಣಿ ಆಫೀಸಿನಲ್ಲಿ ನಿಂತು ತನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಎಂದು ಅತ್ತೆ ಹೇಳುತ್ತಾಳೆ. ದಿನಾ ಅದೇ ಹೊತ್ತಿಗೆ ಮಾನಪ್ಪ ಗಿರಣಿಯಿಂದ ಫೋನು ತಿರುವಿ ಆ ದಿನದ ಹಾಲಹವಾಲು ಹೇಳುವುದು ಮಾವ ಇದ್ದಾಗಿನಿಂದ ನಡೆದುಬಂದ ರೂಢಿ.

ಅತ್ತೆಯ ಮಾತು ಕೇಳಿ ಶುಕ್ರವಾರ ಪೊಲೀಸ್ ಠಾಣೆಯ ಅಮೀನ ಸಾಹೇಬರು ಮನೆಗೆ ಬಂದರು. ಹಿಡಿಕೆ ತಿರುವಿದರು. ಫೋನು ಸತ್ತು ಬಿದ್ದಿತ್ತು. ಸತ್ತ ಫೋನಿನಲ್ಲಿ ಮಾತು ಕೇಳಿದೆ ಎನ್ನುವ ಮುದುಕಿಯ ಹೇಳಿಕೆಯನ್ನು ಯಾವ ಅಮೀನ ಬರೆದುಕೊಳ್ಳುತ್ತಾನೆ? "ಅಮ್ಮಾ, ವಯಸ್ಸಾತು, ಆರಾಮ ಮಾಡ್ರಿ," ಎಂದು ಹೇಳಿ ಹೋದರಂತೆ. ಅತ್ತೆಗೆ ಅದು ಎದೆಗೆ ನಾಟಿತ್ತು. ಆವತ್ತೇ ನನಗೆ ಸುರಪುರಕ್ಕೆ ಚೀಟಿ ಕಳಿಸಿದ್ದಳು: ನನಗೆ ಅರಳುಮರಳು ಅಂದಾರ, ಬಾ.

ಅಮೀನರ ಕೈಕಾಲು ಹಿಡಿದು ಒಂದು ಅವಕಾಶ ಪಡೆದಿದ್ದೆ. ಭಾನುವಾರ ಮಧ್ಯಾಹ್ನ ಇನ್ನೊಮ್ಮೆ ಬರುತ್ತಾರೆ. ಫೋನು ಮಾತಾಡಿದರೆ ಅತ್ತೆಯ ಹೇಳಿಕೆ ಬರೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಇಲ್ಲ. ಆಗ ಭಾನುವಾರ ಮುಂಜಾನೆ ಒಂಬತ್ತು ಗಂಟೆಯಾಗಿತ್ತು.

"ಕೆಟ್ಟದ್ದು ಯಾವಾಗಿಂದ, ಅತ್ತಿ? ಬರೋಬ್ಬರಿ ಹೇಳು."

"ಮಂಗಳವಾರ ಮಾತಾಡೇತಿ. ಬುಧವಾರ ಯಾರು ಮಾತಾಡಬೇಕು? ಮಾತಾಡಾಂವನ್ನ ಒಯ್ದಾರಲ್ಲ."

"ಅಂದ್ರ ಬುಧವಾರ ನೀ ತಿರುವಿ ನೋಡಿಲ್ಲ."

"ನಾ ಯಾಕ ತಿರುವಲಿ? ಅಲ್ಲಿಂದ ಬರ್ತದ, ನಾ ತಗೋತೀನಿ. ಇಷ್ಟು ವರ್ಷ ಹಂಗ ನಡದದ."

ನಾನು ಹಲ್ಲು ಕಚ್ಚಿಕೊಂಡೆ. ನನ್ನ ಕಾಲ ಬುಡದಲ್ಲಿ ಕೂತು ಪೆಟ್ಟಿಗೆಯ ಹೊಟ್ಟೆ ಬಿಚ್ಚಿದ್ದ ಫಕೀರಸಾಬ ಕಿಸಕ್ಕನೆ ನಕ್ಕ. ಒಂದು ಕಾಲಕ್ಕೆ ರೈಲಿನ ತಾರಿನ ಕಂಬ ಹತ್ತುತ್ತಿದ್ದವನು, ಈಗ ಶಹಾಪುರದಲ್ಲಿ ಗ್ರಾಮೋಫೋನು ರಿಪೇರಿ ಮಾಡಿಕೊಂಡಿದ್ದಾನೆ. ಹಿಂದಿನ ದಿನ ಪೆಟ್ರೋಲಿನ ಬದಲು ಇದ್ದಲಿನ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ, ದಾರಿಯಲ್ಲಿ ನಾಲ್ಕು ಕಡೆ ಇಳಿದು ನೂಕಿ, ಮುಖವೆಲ್ಲ ಮಸಿ ಮಾಡಿಕೊಂಡು ಬಂದಿದ್ದ.

"ನಗಬ್ಯಾಡ್ರಿ ಮಿಸ್ತ್ರಿ. ನಿಮ್ಮ ಡಾಕ್ಟರಕಿ ಎಲ್ಲಿಗೆ ಬಂತು?"

"ಅರೇ ಮುನ್ಶೀಜಿ, ಸಬ್ ನೋಡಿದ್ನಿ," ಎಂದು ಅವನು ಬೆರಳು ಮಡಿಚಿದ. "ಬ್ಯಾಟರಿದು ಈ ಗಾಜಿನ ಡಬ್ಬ್ಯಾಗ ನೀರು ತುಸು ಕಮ್ಮಿ ಆಗಿತ್ತು, ನವಸಾಗರ ಹಾಕಿ ತುಂಬಿಸ್ದೆ. ತಂತಿ ನಾಲಿಗಿಗೆ ಹಚ್ಚಿದ್ರ ಚುರ್ ಅಂತದ, ಅಂದ್ರ ಜೀವ ಅದ. ನಿನ್ನೆ ಗಿರಣಿತನಕ ಕಂಬ ಕಂಬ ನೋಡ್ಕೊಂತ ಹೋದ್ನಿ, ಮ್ಯಾಲಿನ ತಂತಿ ಎಲ್ಲೂ ಹರಿದಿಲ್ಲ. ಗಿರಣಿ ಫೋನೂ ಸೈ ಅದ. ಆದ್ರೂ ಮಾತಿಲ್ಲ."

"ಮತ್ತ ಆ ವಿಭೂತಿ?"

"ಅದನ್ನ ಕೇಳಬ್ಯಾಡ್ರಿ."

ಅತ್ತೆ ಸೋಮವಾರಕ್ಕೊಮ್ಮೆ ಫೋನಿಗೆ ವಿಭೂತಿ ಹಚ್ಚುತ್ತಾಳೆ. ಮಾವ ತರಿಸಿದ ವಸ್ತು, ಮಾವನ ದನಿ ಕೇಳಿಸಿದ ವಸ್ತು ಎಂಬ ಭಕ್ತಿ. ಮಾವ ತೀರಿಕೊಂಡಾಗಿನಿಂದ ಹಚ್ಚಿದ ಆರು ವರ್ಷದ ವಿಭೂತಿ ಕಿವಿಗೆ ಹಿಡಿಯುವ ಕೊಳವೆಯ ತೂತುಗಳಲ್ಲಿ ಗಾರೆಯಂತೆ ಕೂತಿತ್ತು. ಫಕೀರಸಾಬ ಸೂಜಿ ಹಾಕಿ ಒಂದೊಂದೇ ತೂತು ಬಿಡಿಸಿದ್ದ.

"ಅದಕ್ಕ ಇತ್ತಿತ್ಲಾಗ ಎಲ್ಲಾರ ದನೀನೂ ಒಂದ ನಮೂನಿ ಕೇಳ್ತಿದ್ವು," ಎಂದಳು ಅತ್ತೆ, ತಪ್ಪು ಫೋನಿನದೇ ಎನ್ನುವ ಧಾಟಿಯಲ್ಲಿ. "ಗಡಿಗ್ಯಾಗ ಬಾಯಿ ಇಟ್ಟು ಮಾತಾಡಿದಂಗ."

"ಹಂಗಾದ್ರ ಮಂಗಳವಾರ ಮಾತಾಡಿದಾಂವ ಮಾನಪ್ಪನ ಅಂತ ಹ್ಯಾಂಗ ಗೊತ್ತಾತು ನಿನಗ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. "ಶೇಖಮ್ಮ ನೀರಿಗೆ ಬಂದಾಳೇನ್ರಿ ಅಂತ ಕೇಳಿದ. ಬಂದಾಳಪ್ಪಾ, ಎರಡನೇ ಸರ್ತಿ ತುಂಬಾಕತ್ಯಾಳ ಅಂದೆ. ಹೆಂಡತಿ ಎಲ್ಲಿ ಅದಾಳಂತ ಗಂಡ ಬಿಟ್ಟು ಮತ್ಯಾವಾಂವ ಕೇಳ್ತಾನೋ? ಮುಂದ ಆಳೆಷ್ಟು, ಹತ್ತಿ ಎಷ್ಟು ಅಂತ ದಿನದಂಗ ಲೆಕ್ಕ ಹೇಳಿದ. ಅಷ್ಟರಾಗ ಭೋಂಗಾ ಹೊಡೀತು, ಫೋನಿನ್ಯಾಗ ಕೇಳ್ಸಿತು."

ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನನ್ನ ವಕೀಲರೂ ಬಯಸುವುದಿಲ್ಲ. ಹಿಂದಿನ ದಿನ ಠಾಣೆಯಲ್ಲಿ ಮಾನಪ್ಪನನ್ನು ಕಂಡಾಗ ಅವನು ಮಾತ್ರ ಬಾಯಿಯನ್ನೇ ಬಿಟ್ಟಿರಲಿಲ್ಲ. ಆ ಹತ್ತು ನಿಮಿಷ ಎಲ್ಲಿದ್ದೆ ಎಂದರೆ ನೆಲ ನೋಡಿದ. ಅತ್ತೆಯ ಜೊತೆ ಫೋನಿನಲ್ಲಿ ಇದ್ದೆಯಂತಲ್ಲ ಎಂದಾಗ ತಲೆ ಎತ್ತಿದ. "ಅವ್ವಾರು ಹಂಗಂದಾರೇನ್ರಿ?" ಎಂದು ಕೇಳಿದ. ಕಣ್ಣು ತುಂಬಿದವು. "ಅವ್ವಾರು ಅಂದ್ರ ಖರೇನ ಇರ್ತದ್ರಿ," ಎಂದ. ಪಾಪ, ಹೆದರಿದ್ದಾನೆ ಎಂದುಕೊಂಡೆ.

ಬೀಡಿ ಸೇದಿ ತಲೆ ತಣ್ಣಗೆ ಮಾಡಿಕೊಳ್ಳೋಣವೆಂದು ಹೊರಗೆ ಹೊರಟವನು ಹೊಸ್ತಿಲಲ್ಲಿ ಎಡವಿ ಬಿದ್ದೆ. ಅತ್ತೆಯ ಕಂದು ನಾಯಿ ಅಡ್ಡ ಮಲಗಿತ್ತು. ನಿನ್ನೆಯಿಂದ ಇದು ಮೂರನೆಯ ಸಲ.

"ಈ ದರಿದ್ರ ನಾಯಿಗೆ ಮಲಗಾಕ ಬ್ಯಾರೆ ಜಾಗ ಇಲ್ಲೇನ?"

"ಬೈಬ್ಯಾಡ ಅದಕ್ಕ. ಪಾಪ, ಬಿಸಲಿಗೆ ಒಳಗ ಬಂದದ," ಎಂದಳು ಅತ್ತೆ. ನಾನು ಮೊಣಕಾಲು ತಿಕ್ಕಿಕೊಳ್ಳುತ್ತ ಅಂಗಳಕ್ಕೆ ಇಳಿದೆ.

ಕಾಂಪೌಂಡಿನ ಆಚೆ, ರಸ್ತೆಯಲ್ಲಿ, ಕೊಡೆ ಹಿಡಿದು ಲಾಲಪ್ಪ ನಿಂತಿದ್ದ. ಯುಗಾದಿಯ ನಂತರ ಗಿರಣಿಗೆ ಬಂದ ಹೊಸ ಮ್ಯಾನೇಜರ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕೋಟಿನ ಜೇಬಿನಲ್ಲಿ ಗಡಿಯಾರ.

"ಅವ್ವಾರು ಆರಾಮ ಅದಾರೇನ್ರಿ?" ದನಿ ಬಹಳ ಸಣ್ಣಗಿತ್ತು.

"ಒಳಗ ಬರ್ರಿ. ನೀವ ಕೇಳ್ರಿ."

"ಬ್ಯಾಡ್ರಿ, ಮೈಲಿಗಿ ಅದೀನಿ. ಗೋದಾಮಿನ ಬೂದಿ ಮುಟ್ಟೀನಿ." ಗೇಟಿನ ಕಂಬ ಬಿಟ್ಟು ಅವನು ಈಚೆ ಬರಲಿಲ್ಲ. "ಮಿಸ್ತ್ರಿನ್ನ ಕರೆಸೀರಂತ ಕೇಳಿದೆ. ಸುಮ್ಮನ ತ್ರಾಸ ತಗೊಂಡೀರಿ ಮುನ್ಶಿಯವ್ರ. ಆ ಫೋನು ಹಿಂದಿನ ಸೋಮವಾರನ ಸತ್ತಿತ್ತು."

"ಸೋಮವಾರ? ಬೆಂಕಿ ಬೀಳೂದರ ಹಿಂದಿನ ದಿನ?"

"ಹೌದ್ರಿ. ನಾನ ಖುದ್ದ ತಿರುವಿ ನೋಡಿದ್ದೆ. ಅಮೀನ ಸಾಹೇಬ್ರಿಗೂ ಬುಧವಾರ ಮುಂಜಾನಿನ ಬರೆದು ಕೊಟ್ಟೀನಿ."

"ಕೆಟ್ಟಿದ್ದು ಗೊತ್ತಿತ್ತು. ಮತ್ತ ಮಾಲಕರ ಮನಿಗೆ ಒಂದು ಮಾತು ಹೇಳಿ ಕಳಸಲಿಲ್ಲ ಯಾಕ?"

"ಕೆಲಸದ ಗದ್ದಲದಾಗ ಮರ್ತೆ."

"ಸೋಮವಾರ ಯಾವ ಕೆಲಸಕ್ಕ ತಿರುವಿದ್ರಿ? ದಿನದ ಫೋನು ಮಾಡಾಂವ ಮಾನಪ್ಪ. ನಿಮಗ ಅತ್ತಿ ಜೋಡಿ ಏನ ಮಾತಿತ್ತು?"

ಲಾಲಪ್ಪ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನನ್ನ ಮ್ಯಾಲ ಯಾಕ ಸಿಟ್ಟು ಮಾಡ್ತೀರಿ? ಮುದುಕಿ ಕನಸು ಕಂಡ್ರ ಅದಕ್ಕ ನಾ ಏನ ಮಾಡ್ಲಿ?"

"ಮುದುಕಿ ಅನಬ್ಯಾಡ್ರಿ. ನಿಮ್ಮ ಪಗಾರ ಆಕಿ ಹೆಸರಿಲೆ ಬರ್ತದ."

ನಾನು ಅಷ್ಟು ಜೋರಾಗಿ ಕೂಗಬಾರದಿತ್ತು. "ಯಾರೋ ಅಂಬಣ್ಣ ಅಲ್ಲಿ?" ಎಂದು ಅತ್ತೆ ಒಳಗಿನಿಂದ ಕೇಳಿದಳು. ಲಾಲಪ್ಪ ಕೈ ಜೋಡಿಸಿ, ತುಟಿ ಬಿಚ್ಚದೆ, ಸರಸರನೆ ಸ್ಟೇಷನ್ ರಸ್ತೆಯ ಕಡೆ ಹೋಗಿಬಿಟ್ಟ.

ಅವನು ಸುಳ್ಳು ಹೇಳುತ್ತಿದ್ದ. ನನ್ನ ಮೈಯೆಲ್ಲ ಅದನ್ನೇ ಹೇಳುತ್ತಿತ್ತು. ಆದರೆ ಫೋನು ನಿಜವಾಗಿಯೂ ಸತ್ತಿತ್ತಲ್ಲ! ಸುಳ್ಳುಗಾರನ ಮಾತನ್ನು ಆ ಹಾಳು ಪೆಟ್ಟಿಗೆಯೇ ಖರೆ ಮಾಡಿ ತೋರಿಸುತ್ತಿತ್ತು. ಒಳಗೆ ಹೋಗಿ ಅದಕ್ಕೆ ಎರಡು ಗುದ್ದಬೇಕು ಎನಿಸಿತು. ಹೋಗಿ ಗುದ್ದಿದೆ ಕೂಡ. ಕೈ ನೊಂದಿತು.

"ಮುನ್ಶೀಜಿ, ಒಂದು ಉಳದದ," ಎಂದ ಫಕೀರಸಾಬ. "ಇದು ಹಳೇ ನಮೂನಿ. ಕಂಬದ ಮ್ಯಾಲ ಒಂದ ತಂತಿ. ಎರಡನೇ ತಂತಿ ಬದಲಿ ನೆಲಾನ ಕೆಲಸ ಮಾಡ್ತದ. ಈ ಪೆಟ್ಟಿಗಿಯಿಂದ ಒಂದು ತಂತಿ ಭೂಮಿಗೆ ಇಳಿದಿರ್ತದ, ಅದರ ತುದಿಗೆ ಒಂದು ತಾಮ್ರದ ತಗಡು ಹೂಳಿರ್ತಾರ. ಗಿರಣಿ ಕಡೀದು ಹೊಂಡದಾಗ ಮುಳುಗೇದ, ನೋಡೀನಿ. ಈ ಮನೀದು ಎಲ್ಲದ?"

ಪೆಟ್ಟಿಗೆಯ ಹಿಂದೆ ತಂತಿಯೊಂದು ಗೋಡೆಯೊಳಗೆ ಹೋಗಿತ್ತು. ಮೇಲೆ ಗಾರೆ, ಗಾರೆಯ ಮೇಲೆ ಹತ್ತು ದೀಪಾವಳಿಯ ಸುಣ್ಣ.

"ಅತ್ತಿ, ಈ ತಂತಿ ಎಲ್ಲಿಗೆ ಹೋಗ್ತದ?"

"ಹೈದರಾಬಾದ್ ಮಿಸ್ತ್ರಿ ಹಾಕಿ ಹೋದ. ನಿಮ್ಮ ಮಾವಗ ಗೊತ್ತಿತ್ತು."

ಮಾವನನ್ನು ಕೇಳುವಂತಿರಲಿಲ್ಲ. ತೇವ ಇರುವ ಕಡೆಯೇ ಹೂಳುತ್ತಾರೆ ಎಂದು ಫಕೀರಸಾಬ ಹೇಳಿದ್ದರಿಂದ ಇಬ್ಬರೂ ಹಿತ್ತಲ ಬಚ್ಚಲಿಗೆ ಹೋದೆವು. ಎರಡು ಶಹಾಬಾದ್ ಕಲ್ಲು ಎಬ್ಬಿಸಿದೆವು. ಮೊಣಕೈತನಕ ಕೊಚ್ಚೆಯಲ್ಲಿ ಕೈ ಹಾಕಿದೆವು. ಸಿಕ್ಕದ್ದು ಒಂದು ತುಕ್ಕು ಹಿಡಿದ ಚಮಚ. "ಅಯ್ಯ, ಅದು ಸಿಕ್ತೇನ?" ಎಂದು ಅತ್ತೆ ಖುಷಿಪಟ್ಟಳು. ಹನ್ನೊಂದು ಹೊಡೆದಿತ್ತು. ನನಗೆ ಅಳು ಬರುವುದೊಂದು ಬಾಕಿ.

ಕೈ ತೊಳೆಯಲು ನೀರು ಕೇಳಿದೆ. ಹಂಡೆಯಲ್ಲಿ ತಳ ಕಾಣುತ್ತಿತ್ತು.

"ನೀರು ತರೋಳು ಬರವಲ್ಲಳು, ಬುಧವಾರದಿಂದ," ಎಂದಳು ಅತ್ತೆ. "ಗಂಡನ್ನ ಒಯ್ದಮ್ಯಾಲ ಶೇಖಮ್ಮ ಮನಿ ಬಿಟ್ಟು ಹೊರಗ ಬಿದ್ದಿಲ್ಲ."

ಚೊಂಬಿನಲ್ಲಿ ಇದ್ದಷ್ಟು ನೀರಿನಿಂದ ಕೈ ತೊಳೆದು ಮುಂಬಾಗಿಲಿಗೆ ಬಂದೆ. ನಾಲ್ಕನೆಯ ಸಲ ನಾಯಿಯನ್ನು ತುಳಿದೆ. ಅದು ಕುಂಯ್ ಎಂದು ಎದ್ದು ಅಂಗಳ ದಾಟಿತು. ಕಾಂಪೌಂಡಿನ ಮೂಲೆಯ ಬೇವಿನ ಗಿಡದ ಬುಡಕ್ಕೆ ಹೋಗಿ, ಅಲ್ಲಿದ್ದ ಒಂದು ತಗ್ಗಿನಲ್ಲಿ ಇಳಿದು, ಕಾಲಿನಿಂದ ಕೆದರಿ, ಮೂಸಿ, ಬೇಸರಗೊಂಡು ಮತ್ತೆ ಹೊಸ್ತಿಲಿಗೇ ವಾಪಸು ಬಂತು.

"ಅಲ್ಲೇನು ಕೆದರತದ ಅದು?"

"ಅದು ಅದರ ಜಾಗನ. ಬ್ಯಾಸಗಿ ತುಂಬ ಅಲ್ಲೇ ಮಲಗ್ತಿತ್ತು, ತಣ್ಣಗ ಇರ್ತಿತ್ತು," ಎಂದಳು ಅತ್ತೆ. "ಈಗ ಒಣಗೇದ."

ನಾನು ಬೇವಿನ ಬುಡ ನೋಡಿದೆ. ಅಲ್ಲಿ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ನಾಲ್ಕು ಮಣ್ಣಿನ ಕೊಡಗಳು, ನಾಲ್ಕೂ ಬೋರಲು. ಅತ್ತೆಯ ಅರವಟ್ಟಿಗೆ. ಮಾವನ ಹೆಸರಿನಲ್ಲಿ ಪ್ರತಿ ಬೇಸಗೆ ದಾರಿಹೋಕರಿಗೆ ಕುಡಿಯುವ ನೀರು ಇಡುತ್ತಾಳೆ. ಕುಡಿದವರು ಕೈ ತೊಳೆದು ಚೆಲ್ಲಿದ ನೀರು, ಕೊಡ ಜಿನುಗಿದ ನೀರು ಎಲ್ಲವೂ ಇಳಿಯುವುದು ಆ ತಗ್ಗಿಗೆ.

"ಕೊಡ ಬೋರಲ ಹಾಕಿದ್ದು ಯಾರು?"

"ನಾನ." ಅತ್ತೆಯ ಮೂಗು ಕೆಂಪಾಯಿತು. "ಬುಧವಾರ ಮುಂಜಾನೆ ನಾಕು ಮಂದಿ ಬಂದು, ಕೊಲಿಗಾರನ ಹೆಂಡ್ತಿ ಹೊತ್ತ ನೀರು ನಾವು ಕುಡಿಯಂಗಿಲ್ಲ, ಬ್ಯಾರೆಯವರ ಕೈಲೆ ತುಂಬಸ್ರಿ ಅಂದ್ರು. ಆಕಿ ನೀರು ಬ್ಯಾಡಂದವರಿಗೆ ನನ್ನ ನೀರೂ ಇಲ್ಲ ಅಂದೆ. ಅವ್ರ ಮುಂದ ನಾಕೂ ಕೊಡ ಹೊಳ್ಳಿಸಿ ಇಟ್ಟೆ."

ನಾನು ಫಕೀರಸಾಬನ ಮುಖ ನೋಡಿದೆ. ಅವನು ಆಗಲೇ ಸಲಿಕೆ ಎತ್ತಿಕೊಂಡಿದ್ದ.

ಒಂದು ಮೊಳ ಅಗೆದಾಗ ಹಸಿರುಗಟ್ಟಿದ ತಂತಿ ಸಿಕ್ಕಿತು. ಎರಡು ಮೊಳಕ್ಕೆ ತಾಮ್ರದ ತಗಡು. ಸುತ್ತಲಿನ ಮಣ್ಣು ವೈಶಾಖದ ಬಿಸಿಲಿಗೆ ಬಿರುಕು ಬಿಟ್ಟು ಹಂಚಿನಷ್ಟು ಗಟ್ಟಿಯಾಗಿತ್ತು.

"ಯಾ ಅಲ್ಲಾ," ಎಂದು ಅವನು ಹಣೆ ಬಡಿದುಕೊಂಡ. "ನೀರಿಲ್ಲದ ಮಣ್ಣಿಗೆ ಮಾತು ಹತ್ತಂಗಿಲ್ಲ. ಬುಧವಾರ ನೀರು ನಿಂತ್ರ ಗುರುವಾರ, ಶುಕ್ರವಾರಕ್ಕ ಫೋನು ಖತಂ."

ಎಲ್ಲವೂ ಒಮ್ಮೆಲೇ ತಿಳಿಯಿತು. ಮಂಗಳವಾರ ಶೇಖಮ್ಮ ಎರಡು ಸಲ ಕೊಡ ತುಂಬಿದ್ದಳು. ಫೋನು ಗಟ್ಟಿಯಾಗಿತ್ತು. ಸೋಮವಾರವೇ ಸತ್ತಿತ್ತು ಎಂದು ಲಾಲಪ್ಪ ಬರೆದುಕೊಟ್ಟದ್ದು ಶುದ್ಧ ಸುಳ್ಳು. ಮಾನಪ್ಪನ ಮೇಲಿನ ನಂಬಿಕೆಯಿಂದ ಅತ್ತೆ ಕೊಡ ಬೋರಲು ಹಾಕಿದಳು, ಅದರಿಂದ ಫೋನು ಸತ್ತಿತು, ಸತ್ತ ಫೋನು ಮಾನಪ್ಪನ ಕೊರಳಿಗೆ ಬಂತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ತಡೀರಿ, ಪಕ್ಕದ ಮನ್ಯಾಗ ಎರಡು ಕೊಡ ನೀರು ಇಸಗೊಂಡು ಬರ್ತೀನಿ," ಎಂದೆ.

ಅತ್ತೆ ಕಟ್ಟೆಗೆ ಅಡ್ಡ ನಿಂತಳು. "ಬ್ಯಾರೆಯವರ ನೀರು ನನ್ನ ಅರವಟಗಿಗೆ ಬ್ಯಾಡ. ಶೇಖಮ್ಮ ತುಂಬಬೇಕು. ಬ್ಯಾಡಂದವರ ಕಣ್ಣ ಮುಂದ ತುಂಬಬೇಕು."

"ಅತ್ತಿ, ಹನ್ನೆರಡಕ್ಕ ಅಮೀನ ಬರ್ತಾನ!"

"ಹಂಗಾದ್ರ ಇಲ್ಲಿ ಯಾಕ ನಿಂತಿ? ಓಡು."

ಓಡಿದೆ. ಐವತ್ತೆರಡನೆಯ ವಯಸ್ಸಿನಲ್ಲಿ, ಹನ್ನೊಂದೂವರೆಯ ಬಿಸಿಲಿನಲ್ಲಿ, ಧೋತರ ಎತ್ತಿ ಕಟ್ಟಿಕೊಂಡು ಓಡಿದೆ. ಶೇಖಮ್ಮನ ಮನೆ ಸಿಹಿನೀರಿನ ಬಾವಿಯ ಓಣಿಯಲ್ಲಿತ್ತು. ಗೋಡೆಗೆ ಒರಗಿ ಕೂತಿದ್ದಳು. ಮೂವತ್ತರ ಒಳಗಿನ ಹೆಣ್ಣು, ಐದು ದಿನದಲ್ಲಿ ಮುಖ ಬತ್ತಿತ್ತು. ನಾನು ತೇಕುತ್ತಲೇ ವಿಷಯ ಹೇಳಿದೆ.

ಅವಳು ಏಳಲಿಲ್ಲ. "ಫೋನು ಮಾತಾಡದಿದ್ರ ಏನಾಗ್ತದ್ರಿ ಅಣ್ಣಾರ?"

"ನಿನ್ನ ಗಂಡ ನಾಳೆ ಗುಲ್ಬರ್ಗಕ್ಕ ಹೋಗ್ತಾನ."

"ಮಾತಾಡಿದ್ರ?"

"ಇಲ್ಲೇ ಉಳೀತಾನ. ಬಿಡಿಸ್ಕೊಂಡು ಬರ್ತೀನಿ. ಏಳವ್ವ, ಹೊತ್ತಿಲ್ಲ!"

ಅವಳು ಎದ್ದು ಕೊಡ ತೆಗೆದುಕೊಂಡಳು. ಸಿಂಬಿಯನ್ನು ತಲೆಗೆ ಇಟ್ಟುಕೊಳ್ಳುತ್ತ ಮೆಲ್ಲಗೆ ಕೇಳಿದಳು: "ಫೋನಿನ್ಯಾಗ ಏನೇನು ಕೇಳ್ಯಾರಂತ್ರಿ ಅವ್ವಾರು?"

"ಮತ್ತೇನು, ನಿಂದ ಸುದ್ದಿ. ಶೇಖಮ್ಮ ನೀರಿಗೆ ಬಂದಾಳೇನ್ರಿ ಅಂತ ಮೊದಲ ಕೇಳಿದ್ನಂತ. ಅಷ್ಟು ಜೀವ ನಿನ್ನ ಮ್ಯಾಲ."

ಅವಳು ಕೊಡ ಕೆಳಗಿಟ್ಟಳು. ಸಿಂಬಿಯನ್ನು ತಲೆಯಿಂದ ತೆಗೆದು ಬಿಚ್ಚಿದಳು, ಮತ್ತೆ ಸುತ್ತಿದಳು. ಕೋಪದಿಂದ ನನ್ನ ನೆತ್ತಿ ಸಿಡಿಯುತ್ತಿತ್ತು. ಕೊನೆಗೆ ಏನನ್ನೋ ನಿಶ್ಚಯಿಸಿದವಳಂತೆ ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದಳು.

ಮೊದಲ ಕೊಡದ ನೀರು ತಗ್ಗಿಗೆ ಬಿದ್ದಾಗ ಮಣ್ಣು ಸುಂಯ್ ಎಂದು ಕುಡಿಯಿತು. ಎರಡನೆಯದನ್ನೂ ಕುಡಿಯಿತು. ಮೂರನೆಯ ಕೊಡಕ್ಕೆ ನೀರು ನಿಂತಿತು. ನಾಯಿ ಬಂದು ಅದರ ಪಕ್ಕದಲ್ಲಿ ಮಲಗಿತು. ಒಳಗಿನಿಂದ ಫಕೀರಸಾಬ ಕೂಗಿದ: "ಮುನ್ಶೀಜಿ! ಕರಕರ ಅನ್ನಾಕತ್ತದ!"

ಜೀವನದಲ್ಲಿ ಯಾವ ಸಂಗೀತಕ್ಕೂ ನಾನು ಅಷ್ಟು ಸಂತೋಷಪಟ್ಟವನಲ್ಲ.

ಅಮೀನ ಸಾಹೇಬರು ಸರಿಯಾಗಿ ಹನ್ನೆರಡಕ್ಕೆ ಬಂದರು. ಕೆಟ್ಟ ಮನುಷ್ಯರಲ್ಲ. ತಗ್ಗು ನೋಡಿದರು, ತಗಡು ನೋಡಿದರು, ಫಕೀರಸಾಬ ಹೇಳಿದ್ದನ್ನೆಲ್ಲ ಕೇಳಿದರು. ಲಾಲಪ್ಪನ ಕಾಗದದ ಮಾತು ಎತ್ತಿದಾಗ ಹುಬ್ಬು ಗಂಟು ಹಾಕಿದರು.

"ಲಾಲಪ್ಪನ ಸಂಗಡ ನಾ ಆಮ್ಯಾಲ ಮಾತಾಡ್ತೀನಿ," ಎಂದರು. "ಆದ್ರ ಮುನ್ಶೀಜಿ, ಫೋನು ಸೈ ಇತ್ತು ಅಂದ್ರ ಮಾನಪ್ಪನ ಮಾತಾಡಿದ್ದ ಅಂತ ಹ್ಯಾಂಗ ಆಗ್ತದ? ಅದಕ್ಕ ಅವನನ್ನ ಜವಾನರ ಜೋಡಿ ಗಿರಣಿ ಆಫೀಸಿಗೆ ಕಳಿಸಿ ಬಂದೀನಿ. ಈಗ ಅಲ್ಲಿಂದ ತಿರುವ್ತಾನ. ಅಮ್ಮಾ ಕೇಳಲಿ, ಹೇಳಲಿ. ನಾ ಬರ್ಕೋತೀನಿ."

ಕುಣಿಯುವುದೊಂದು ಬಾಕಿ. ನಾನೇ ಕೇಳಬೇಕೆಂದಿದ್ದರೂ ಇಷ್ಟು ಒಳ್ಳೆಯ ಪರೀಕ್ಷೆ ಹೊಳೆಯುತ್ತಿರಲಿಲ್ಲ.

ಗಂಟೆ ಹೊಡೆಯಿತು. ಐದು ದಿನದ ನಂತರ, ಮನೆಯೆಲ್ಲ ಅದುರುವ ಹಾಗೆ. ಅತ್ತೆ ಸೆರಗು ಸರಿಮಾಡಿಕೊಂಡು ಕೊಳವೆ ಕಿವಿಗೆ ಹಿಡಿದಳು. ವಿಭೂತಿ ಬಿಡಿಸಿದ ತೂತುಗಳಿಂದ ದನಿ ಎಷ್ಟು ಸ್ವಚ್ಛವಾಗಿ ಬಂತೆಂದರೆ ಪಕ್ಕದಲ್ಲಿ ನಿಂತ ನಮಗೂ ಕೇಳಿಸಿತು.

"ಅವ್ವಾರ, ಶರಣ್ರಿ. ಮಾನಪ್ಪ ಮಾತಾಡಾಕತ್ತೀನ್ರಿ."

ಅತ್ತೆಯ ಮುಖದಲ್ಲಿ ಮೂಡಿದ ನಗು ಅರ್ಧಕ್ಕೇ ನಿಂತಿತು.

"ಶರಣು," ಎಂದಳು. ಕೊಳವೆಯನ್ನು ಇನ್ನೂ ಬಿಗಿಯಾಗಿ ಕಿವಿಗೆ ಒತ್ತಿಕೊಂಡಳು. "ಮಾನಪ್ಪಾ, ಮಂಗಳವಾರ ಫೋನು ಮಾಡಿದಾಗ ಮೊದಲ ಒಂದು ಮಾತು ಕೇಳಿದ್ದಿ. ಅದನ್ನ ಇನ್ನೊಮ್ಮೆ ಕೇಳು."

ಆ ಕಡೆ ತಂತಿಯ ಕರಕರ ಮಾತ್ರ.

ಕೇಳೋ ಮಾರಾಯ, ಎಂದು ನಾನು ಒಳಗೊಳಗೇ ಕೂಗಿದೆ. ನಿನ್ನ ಹೆಂಡತಿಯ ಸುದ್ದಿ. ಅಷ್ಟೂ ನೆನಪಿಲ್ಲವೇ?

"ನೀವ ಹೇಳ್ರಿ ಅವ್ವಾರ," ಎಂದಿತು ದನಿ. "ಏನ ಕೇಳಿದ್ದೆನ್ರಿ ನಾನು?"

ಅತ್ತೆ ಕೊಳವೆಯನ್ನು ಕಿವಿಯಿಂದ ಇಳಿಸಿದಳು. ನನ್ನನ್ನು ನೋಡಿದಳು. ಒಂದೇ ಒಂದು ಸುಳ್ಳು ಹೇಳು ಎಂದು ನನ್ನ ಕಣ್ಣು ಅವಳನ್ನು ಬೇಡುತ್ತಿತ್ತು. ಜೀವಮಾನವಿಡೀ ಸುಳ್ಳು ಸಾಕ್ಷಿಗಳನ್ನು ಬೈದವನು ನಾನು.

"ಸಾಹೇಬ, ಬರ್ಕೋರಿ," ಎಂದಳು ಅತ್ತೆ. "ಈಗ ಮಾತಾಡಾಕತ್ತಾಂವ ಮಾನಪ್ಪನ. ಮಂಗಳವಾರ ಮಾತಾಡಿದಾಂವ ಇಂವ ಅಲ್ಲ. ಮಾನಪ್ಪ ಇಷ್ಟು ವರ್ಷದಾಗ ಶರಣು ಅನ್ನದ ಒಂದು ಮಾತು ಸುರು ಮಾಡಿಲ್ಲ. ಆವತ್ತಿನಾಂವ ಅನ್ನಲಿಲ್ಲ. ನನಗ ಆವಾಗ ತಿಳೀಲಿಲ್ಲ, ಈಗ ತಿಳೀತು."

ಎರಡು ದಿನ ಒದ್ದಾಡಿ, ಕೊಚ್ಚೆ ಬಳಿದು, ನಾಯಿ ತುಳಿದು, ನಾನು ಸರಿಮಾಡಿದ ಫೋನು ಮಾನಪ್ಪನ ಕೊನೆಯ ಆಸರೆಯನ್ನೂ ಕಿತ್ತುಕೊಂಡಿತ್ತು. ಕೆಟ್ಟೇ ಇದ್ದಿದ್ದರೆ ಚೆನ್ನಾಗಿತ್ತು.

ಅಮೀನರು ಲೇಖನಿ ಎತ್ತಿ ಕೇಳಿದರು. "ಆವತ್ತಿನಾಂವ ಏನ ಕೇಳಿದ್ದ ಅಮ್ಮಾ?"

"ಶೇಖಮ್ಮ ನೀರಿಗೆ ಬಂದಾಳೇನ್ರಿ ಅಂತ."

ಎಲ್ಲರ ಕಣ್ಣೂ ಅಂಗಳದ ಕಡೆ ತಿರುಗಿದವು. ಬೇವಿನ ಬುಡದಲ್ಲಿ ಶೇಖಮ್ಮ ನಾಲ್ಕನೆಯ ಕೊಡ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಮಾತೆಲ್ಲ ಅವಳಿಗೆ ಕೇಳಿಸಿತ್ತು. ಗಂಡ ಕೈತಪ್ಪಿದ ಸಂಕಟ ಆ ಮುಖದ ಮೇಲೆ ಢಾಳಾಗಿತ್ತು. ಆಶ್ಚರ್ಯ ಮಾತ್ರ ಎಲ್ಲೂ ಇರಲಿಲ್ಲ. ಆವತ್ತು ಕೇಳಿದವನು ಯಾರು ಎಂದು ಅವಳು ನಮ್ಮನ್ನು ಕೇಳಲಿಲ್ಲ. ಗೇಟಿನಾಚೆ ನಿಂತು ದನಿ ತಗ್ಗಿಸಿ ಮಾತಾಡಿ, ಅತ್ತೆ ಕೂಗಿದೊಡನೆ ತುಟಿ ಬಿಚ್ಚದೆ ಹೋದ ಲಾಲಪ್ಪ ನನಗೆ ನೆನಪಾದ.

ಅತ್ತೆಯ ಕೈಯಲ್ಲಿ ಇಳಿಬಿದ್ದಿದ್ದ ಕೊಳವೆಯಿಂದ ಮಾನಪ್ಪನ ದನಿ ಮತ್ತೆ ಬಂತು. ಈ ಸಲ ಅವನು ಕೇಳಿದ್ದು ಅದೇ ಪ್ರಶ್ನೆ.

"ಅವ್ವಾರ, ಶೇಖಮ್ಮ ನೀರಿಗೆ ಬಂದಾಳೇನ್ರಿ? ಅಲ್ಲಿ ಅದಾಳೇನ್ರಿ?"

ಶೇಖಮ್ಮ ಕೊಡವನ್ನು ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಲ್ಲ ಅಂತ ಹೇಳ್ರಿ, ಅವ್ವಾರ," ಎಂದಳು.